ಮರದ ಮನುಷ್ಯನ ಶ್ವಾಸಕೋಶ ಮತ್ತು ನನ್ನ ಮೂರು ಅಂಕ

...ಅಥವಾ ಆ ಮಾತನ್ನು ಮೊದಲು ಆಡಿದ್ದು ನಾನಲ್ಲವೇನೋ. "ಮರದಲ್ಲೇ ಮಾಡಿಸಿಬಿಟ್ಟರಾಯಿತು" ಎಂದು ನಾನೇ ಹೇಳಿದೆ ಎಂಬುದು ನನ್ನ ನೆನಪು. ಆದರೆ ನಮ್ಮವರು ಹೇಳಿದ್ದು ಎಂದು ನಾನೇ ಕೆಲವರ ಮುಂದೆ ಆಣೆ ಮಾಡಿದ್ದೂ ಉಂಟು. ಯೋಜನೆ ಅದ್ಭುತವಾಗಿ ಕಾಣುತ್ತಿದ್ದ ಮೂರು ವಾರ ಅದು ನನ್ನದಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಗಂಡನದ್ದಾಯಿತು! ನೆನಪು ಹೀಗೆ ಅನುಕೂಲ ನೋಡಿಕೊಂಡು ಪಕ್ಷ ಬದಲಾಯಿಸುತ್ತದೆ. ಕೆಳಗೆ ಬರೆದಿರುವುದನ್ನೂ ಅಷ್ಟೇ ನಂಬಿದರೆ ಸಾಕು.

ಅನುಮಾನವೇ ಇಲ್ಲದ ಸಂಗತಿ ಒಂದಿದೆ. ನನಗೆ ಮೂರು ಅಂಕ ಬೇಕಿತ್ತು.

ನಾನು ಮೆಡಿಕಲ್ ಫಿಸಿಸಿಸ್ಟ್. ಹೀಗೆಂದ ಕೂಡಲೇ ನೆಂಟರು ಮೊಣಕಾಲು ತೋರಿಸುತ್ತಾರೆ. ನಾನು ಮೊಣಕಾಲಿನವಳಲ್ಲ. ಕ್ಯಾನ್ಸರ್ ರೋಗಿಗೆ ವಿಕಿರಣ ಯಾವ ಕಡೆಯಿಂದ, ಎಷ್ಟು ಕೊಡಬೇಕು ಎಂದು ಲೆಕ್ಕ ಹಾಕುವುದು, ಯಂತ್ರ ಅಷ್ಟನ್ನೇ ಕೊಡುತ್ತಿದೆಯೇ ಎಂದು ದಿನಾ ಪರೀಕ್ಷಿಸುವುದು ನನ್ನ ಕೆಲಸ. ಯಂತ್ರವನ್ನು ನಂಬಬಾರದು. ಲೆಕ್ಕವನ್ನು ನಂಬಬಾರದು. "ನಿನ್ನೆ ಸರಿ ಇತ್ತಲ್ಲ" ಎಂಬ ಮಾತನ್ನಂತೂ ನಂಬಲೇಬಾರದು. ಒಟ್ಟಿನಲ್ಲಿ ಅನುಮಾನಕ್ಕೆ ಸಂಬಳ ಕೊಡುವ ಉದ್ಯೋಗ.

ನಮ್ಮಂಥವರು ಓದು ಮುಗಿಸಿ ಪುಸ್ತಕ ಕಟ್ಟಿಡುವಂತಿಲ್ಲ. ಉಪನ್ಯಾಸ, ಕಾರ್ಯಾಗಾರ, ಪ್ರಬಂಧ ಎಂದು ಕಲಿಯುತ್ತಲೇ ಇರಬೇಕು. ಕಲಿತದ್ದಕ್ಕೆ ಅಂಕ. ಅಂಕ ಸಾಲದಿದ್ದರೆ ನಮ್ಮ ಸಂಘದವರು ನೋಂದಣಿ ನವೀಕರಿಸುವುದಿಲ್ಲ. ಆಗ ನನ್ನ ಸಹಿ ಬರೀ ಗೀಚು! ರಾಮನಗರದ ಹೊರಗಿರುವ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಚಿಕಿತ್ಸೆಯ ಲೆಕ್ಕಕ್ಕೆ ಸಹಿ ಹಾಕುವ ಅಧಿಕಾರ ಇರುವುದು ನನಗೊಬ್ಬಳಿಗೆ. ಸಹಾಯಕಿ ಪಲ್ಲವಿ ಬುದ್ಧಿವಂತೆ, ಆದರೆ ಅವಳಿಗೆ ಆ ಅಧಿಕಾರ ಬರಲು ಇನ್ನೂ ಎರಡು ವರ್ಷ. ನನ್ನ ಸಹಿ ನಿಂತರೆ ಯಂತ್ರ ನಿಲ್ಲುತ್ತದೆ. ಯಂತ್ರ ನಿಂತರೆ ಮಾಗಡಿ, ಕನಕಪುರ ಕಡೆಯ ರೋಗಿಗಳು ಮತ್ತೆ ದಿನಾ ಬೆಂಗಳೂರಿನ ಬಸ್ಸು ಹತ್ತಬೇಕು.

ಮೂರು ಅಂಕ ಕಡಿಮೆಯಾದದ್ದು ಹೇಗೆ? ಸಾರಿನಿಂದ. ಆನ್‌ಲೈನ್ ಉಪನ್ಯಾಸಗಳಲ್ಲಿ ಕಾಲುಗಂಟೆಗೊಮ್ಮೆ ಪರದೆಯ ಮೇಲೆ "ನೀವು ಇದ್ದೀರಾ?" ಎಂಬ ಪ್ರಶ್ನೆ ಮೂಡುತ್ತದೆ. ಕೂಡಲೇ ಒತ್ತಬೇಕು. ಒತ್ತದಿದ್ದರೆ ನೀವು ಇಲ್ಲ ಎಂದು ಅರ್ಥ. ಮೂರು ಭಾನುವಾರ ನಾನು ಇದ್ದೆ. ಕೇಳುತ್ತಲೂ ಇದ್ದೆ. ಆದರೆ ಮೂರು ಸಲವೂ ಆ ಪ್ರಶ್ನೆ ಬಂದದ್ದು ನಾನು ಒಗ್ಗರಣೆ ಹಾಕುತ್ತಿದ್ದಾಗ! ಸಾರು ಚೆನ್ನಾಗಿತ್ತು. ಅಂಕ ಹೋಯಿತು.

ನವೀಕರಣದ ಗಡುವು ಆ ತಿಂಗಳಿಗೇ ಮುಗಿಯುತ್ತಿತ್ತು. ಉಳಿದದ್ದು ಒಂದೇ ದಾರಿ. ತಾನೇ ಮಾಡಿದ ಹೊಸ ಕೆಲಸವೊಂದನ್ನು ಸಂಘದ ವೀಕ್ಷಕರ ಮುಂದೆ ಪ್ರತ್ಯಕ್ಷ ತೋರಿಸಿದರೆ ಒಟ್ಟಿಗೆ ಮೂರು ಅಂಕ. ತಿಂಗಳ ಕೊನೆಗೆ ನಮ್ಮ ಆಸ್ಪತ್ರೆಯಲ್ಲೇ ಒಂದು ದಿನದ ಕಾರ್ಯಾಗಾರವಿತ್ತು. ನನಗೆ ಏನೂ ಭಯವಾಗಲಿಲ್ಲ. ಭಯವಾಗಿದ್ದರೆ ಒಳ್ಳೆಯದಿತ್ತು.

ನಮ್ಮ ವೃತ್ತಿಯಲ್ಲಿ ಫ್ಯಾಂಟಮ್ ಎಂಬ ವಸ್ತುವಿದೆ. ಮನುಷ್ಯನ ದೇಹದಂಥ ಒಂದು ಬೊಂಬೆ. ಯಂತ್ರವನ್ನು ರೋಗಿಯ ಮೇಲೆ ಪರೀಕ್ಷಿಸಲಾಗದು, ಆದ್ದರಿಂದ ಈ ಬೊಂಬೆ ಮಲಗಿಕೊಂಡು ನಮ್ಮೆಲ್ಲರ ಪರವಾಗಿ ವಿಕಿರಣ ತಿನ್ನುತ್ತದೆ. ಪರದೇಶದಿಂದ ಬರಬೇಕು. ಹನ್ನೆರಡು ಕಿಲೋಮೀಟರ್ ಆಚೆ ಚನ್ನಪಟ್ಟಣದಲ್ಲಿ ಊರಿಗೆ ಊರೇ ಬೊಂಬೆ ಮಾಡುತ್ತಿರುವಾಗ ಪರದೇಶವೇಕೆ? ಈ ಮಹಾನ್ ಆಲೋಚನೆ ನನ್ನದೋ ಗಂಡನದೋ ಎಂಬ ವಿವಾದವನ್ನು ಮೇಲೆಯೇ ಹೇಳಿದ್ದೇನೆ.

ಚನ್ನಪಟ್ಟಣದ ಇನಾಯತ್ ಸಾಬರು ನಲವತ್ತು ವರ್ಷದಿಂದ ಬೊಂಬೆ ಕಡೆಯುವ ಲೇತಿನ ಮುಂದೆ ಕುಳಿತವರು. ನಾನು ಬರೆದುಕೊಂಡು ಹೋಗಿದ್ದ ನಕ್ಷೆಯನ್ನು ಅವರು ದೂರ ಹಿಡಿದು, ಹತ್ತಿರ ಹಿಡಿದು, ತಿರುಗಿಸಿ ನೋಡಿದರು.

"ಇದೇನ್ ಮೇಡಮ್ಮೋರೆ, ಎದೆಯೊಳಗೆ ಎರಡು ಟೊಳ್ಳು?"

"ಶ್ವಾಸಕೋಶ ಸಾಬ್ರೇ. ಉಸಿರಾಡೋದಕ್ಕೆ."

"ಮರ ಉಸಿರಾಡ್ತದಾ?"

"ಆಡಲ್ಲ. ಆಡೋ ಥರ ಇರಬೇಕು. ಆ ಟೊಳ್ಳಿಗೆ ಮರದ ಹೊಟ್ಟು ಸಡಿಲವಾಗಿ ತುಂಬಿ. ನಿಜವಾದ ಶ್ವಾಸಕೋಶದಷ್ಟೇ ಹಗುರ ಆಗುತ್ತೆ."

"ಆಯ್ತು ಬುಡಿ. ಮಕ್ಳು ಆಡೋದಾ, ದೊಡ್ಡೋರು ಆಡೋದಾ?"

"ಡಾಕ್ಟರುಗಳು."

"ಹಂಗಾದ್ರೆ ಒಸಿ ಗಟ್ಟಿಯಾಗೇ ಮಾಡ್ಬೇಕು! ಫಿಕರ್ ಮಾಡ್ಬ್ಯಾಡಿ."

ನಾನು ಫಿಕರ್ ಮಾಡಲಿಲ್ಲ. ನಕ್ಷೆಯಲ್ಲಿ ಎಲ್ಲ ಅಳತೆಯೂ ಮಿಲಿಮೀಟರ್ ಲೆಕ್ಕದಲ್ಲಿತ್ತು. ಏನೇನು ಇರಬೇಕೋ ಎಲ್ಲ ಬರೆದಿದ್ದೆ. ಏನು ಇರಬಾರದು ಎಂದು ಮಾತ್ರ ಬರೆದಿರಲಿಲ್ಲ.

ಕಾರ್ಯಾಗಾರದ ಹಿಂದಿನ ದಿನ ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ ನಾನೂ ನಮ್ಮವರೂ ಕಾರಿನಲ್ಲಿ ತರಲು ಹೋದೆವು. ನಮ್ಮವರು ಲಿಂಗರಾಜು, ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಗೂಡು ಆರಿಸಿ ಕೊಳ್ಳುವವರು. ಅಂಗಳದಲ್ಲಿ ಫ್ಯಾಂಟಮ್ ನಿಂತಿತ್ತು. ನಾನು ಕೇಳಿದ್ದು ಸೊಂಟದಿಂದ ಕುತ್ತಿಗೆಯವರೆಗೆ. ಇದಕ್ಕೆ ತಲೆಯೂ ಇತ್ತು. ತಲೆಯ ಮೇಲೆ ಕೆಂಪು ಪೇಟ. ಪೇಟದ ಕೆಳಗೆ ಕಪ್ಪು ಮೀಸೆ. ಮೀಸೆಯ ಕೆಳಗೆ ನಗು! ಎದೆಗೆ ಹಳದಿ ಅರಗಿನ ಹೊಳಪು ಎಷ್ಟಿತ್ತೆಂದರೆ ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಗಾಬರಿಯಾಗಿತ್ತು.

"ತಲೆ ನಾನು ಕೇಳಿರಲಿಲ್ಲವಲ್ಲ ಸಾಬ್ರೇ?"

"ತಲೆ ಇಲ್ದೆ ಹೆಂಗ್ ಕಳ್ಸೋದು ಮೇಡಮ್ಮೋರೆ? ಆಸ್ಪತ್ರೆಗೆ ಹೋಗೋನು, ಒಸಿ ನಗ್ತಾ ಹೋಗ್ಲಿ ಅಂದ್ಲು ನಮ್ ಮನೆಯೋಳು."

ತಲೆಗೂ ಎದೆಯ ಲೆಕ್ಕಕ್ಕೂ ಸಂಬಂಧವಿಲ್ಲ ಎಂದು ನಾನು ವೈಜ್ಞಾನಿಕವಾಗಿ ಸಮಾಧಾನ ಮಾಡಿಕೊಂಡೆ. ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ ಹೊರಟೆವು. ಊರು ದಾಟುವಷ್ಟರಲ್ಲಿ ಕಾರಿನಲ್ಲಿ ಒಂದು ಸದ್ದು. ಕಟಕಟ, ಕಟಕಟ. ಹಳ್ಳ ಬಂದರೆ ಜೋರು.

"ಕಾರು ಸದ್ದು ಮಾಡ್ತಿದೆ," ಎಂದೆ.

"ಕಾರಲ್ಲ ಕಣಮ್ಮಿ. ಹಿಂದ್ಗಡೆ ಕುಂತವ್ನಲ್ಲ, ಅವ್ನು."

ಅವರು ಕಾರು ನಿಲ್ಲಿಸಿ, ಹಿಂದೆ ಹೋಗಿ, ಮರದ ಮನುಷ್ಯನ ಎದೆಗೆ ಕಿವಿಯಿಟ್ಟು ಎರಡು ಸಲ ಅಲುಗಾಡಿಸಿದರು. ಗೂಡು ಕೊಳ್ಳುವವರ ಪದ್ಧತಿಯೇ ಅದು. ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಹೇಗಿದೆ ಎಂದು ಸದ್ದಿನಲ್ಲೇ ಹೇಳುತ್ತಾರೆ.

"ಒಳಗೇನೋ ಐತೆ. ಒಂದಲ್ಲ, ಬೋ ಅವೆ."

"ಇದು ರೇಷ್ಮೆಗೂಡಲ್ಲ ರೀ! ಇದು ವೈಜ್ಞಾನಿಕ ಉಪಕರಣ. ಒಳಗಿರೋದು ಹೊಟ್ಟು. ಹೊಟ್ಟು ಸದ್ದು ಮಾಡಲ್ಲ."

"ಇಪ್ಪತ್ತೈದ್ ವರ್ಸದಿಂದ ಈ ಕಿವಿ ಒಂದ್ಸಲಾನೂ ಮೋಸ ಹೋಗಿಲ್ಲ."

"ನಾನೇ ನಕ್ಷೆ ಬರೆದದ್ದು. ನನಗೆ ಗೊತ್ತಿಲ್ವಾ ಒಳಗೇನಿದೆ ಅಂತ? ಕಾರನ್ನ ತೋರ್ಸಿ."

ರಾಮನಗರದ ಮೆಕ್ಯಾನಿಕ್ ರಾಜಣ್ಣನ ಶೆಡ್ಡಿಗೆ ಹೋದೆವು. ಸ್ಟೆಪ್ನಿ ತೆಗೆಯಬೇಕಾಯಿತು, ಅದಕ್ಕಾಗಿ ಮರದ ಮನುಷ್ಯನನ್ನು ಇಳಿಸಿ ಸ್ಟೂಲಿನ ಮೇಲೆ ಕೂರಿಸಿದೆವು. ರಾಜಣ್ಣ ಕಾರಿನ ಅಡಿಗೆ ತೂರಿ, ಏನೇನೋ ಬಿಗಿಮಾಡಿ, ಒಂದು ಸುತ್ತು ಓಡಿಸಿಕೊಂಡು ಬಂದ.

"ಸದ್ದು ನಿಂತೋಯ್ತಕ್ಕ!"

ಗಂಡನ ಕಡೆ ನೋಡಿದೆ. ಆ ನೋಟದಲ್ಲಿ ಇಡೀ ಭೌತಶಾಸ್ತ್ರದ ಗೆಲುವಿತ್ತು. ನಮ್ಮವರು ಸ್ಟೂಲಿನ ಮೇಲೆ ನಗುತ್ತಾ ಕುಳಿತವನನ್ನೂ, ನನ್ನನ್ನೂ ನೋಡಿ, "ಬುಡು" ಎಂದರು. ಮತ್ತೆ ಸದ್ದು ಬಾರದಿರಲಿ ಎಂದು ಅವರೇ ಅವನನ್ನು ತೊಡೆಯ ಮೇಲೆ ಅಲುಗದಂತೆ ತಬ್ಬಿಕೊಂಡು ಕುಳಿತರು. ನಾನು ಓಡಿಸಿದೆ. ಆಸ್ಪತ್ರೆ ತಲುಪುವವರೆಗೆ ಕಾರು ರೇಷ್ಮೆಯಂತೆ ಸಾಗಿತು. ಇದರಿಂದ ಏನನ್ನು ತಿಳಿಯಬೇಕಿತ್ತೋ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ತಿಳಿದುಕೊಂಡೆ.

ಆ ಸಂಜೆ ಪಲ್ಲವಿ ಕೇಳಿದಳು. "ಮೇಡಂ, ಸ್ಕ್ಯಾನ್ ಯಂತ್ರ ಹತ್ತು ನಿಮಿಷ ಖಾಲಿ ಇದೆ. ಇವರನ್ನ ಒಂದ್ಸಲ ಸ್ಕ್ಯಾನ್ ಮಾಡಿ ನೋಡಿಬಿಡೋಣ್ವಾ?" ಆಗಲೇ ಅವಳು ಅದನ್ನು "ಇವರು" ಎನ್ನುತ್ತಿದ್ದಳು. ಮೀಸೆಯ ಪ್ರಭಾವ.

ಹೊಸ ಉಪಕರಣ ಬಂದರೆ ಮೊದಲು ಪರೀಕ್ಷಿಸು, ಆಮೇಲೆ ಬಳಸು. ಇದು ನಮ್ಮ ವೃತ್ತಿಯ ಮೊದಲ ಪಾಠ. ಪಲ್ಲವಿಗೆ ಅದನ್ನು ಕಲಿಸಿದ್ದೇ ನಾನು. ಆ ಹತ್ತು ನಿಮಿಷವನ್ನು ನಾನು ಬ್ಯಾನರಿನ ಅಕ್ಷರಕ್ಕೆ ನೀಲಿಯೋ ಹಸಿರೋ ಎಂದು ತೀರ್ಮಾನಿಸಲು ಬಳಸಿದೆ. ಹಸಿರು.

ಮರುದಿನ ಮೈಸೂರು, ಮಂಡ್ಯ, ಬೆಂಗಳೂರಿನಿಂದ ಫಿಸಿಸಿಸ್ಟರೂ ವೈದ್ಯರೂ ಬಂದರು. ಬಿಡದಿಯಿಂದ ತಟ್ಟೆ ಇಡ್ಲಿ ತರಿಸಿದ್ದೆ. ತರಿಸುವ ಮುನ್ನ ಎರಡು ಹೋಟೆಲಿನಲ್ಲಿ ತಿಂದು ನೋಡಿದ್ದೆ. ಆ ಇಡೀ ಕಾರ್ಯಕ್ರಮದಲ್ಲಿ ನಾನು ಮೊದಲೇ ಪರೀಕ್ಷಿಸಿದ್ದ ವಸ್ತು ಅದೊಂದೇ!

ಸಂಘದ ವೀಕ್ಷಕರು ಡಾಕ್ಟರ್ ನಂಜುಂಡಯ್ಯ. ಸ್ಕ್ಯಾನ್ ಚಿತ್ರ ಓದುವುದರಲ್ಲಿ ತಲೆ ನರೆತವರು. ಅಂಕ ಕೊಡುವ ನಮೂನೆ ಅವರ ಫೈಲಿನಲ್ಲಿತ್ತು. ಅದರ ಮೂಲೆ ನನಗೆ ಕಾಣುತ್ತಿತ್ತು. ನಮ್ಮವರು ಮರದ ಮನುಷ್ಯನನ್ನು ಎತ್ತಿ ಮಲಗಿಸಲು ನೆರವಾಗಿ, ಹಿಂದಿನ ಸಾಲಿನಲ್ಲಿ ಕುಳಿತಿದ್ದರು.

"ಸ್ಥಳೀಯ ಮರ, ಸ್ಥಳೀಯ ಕೈಗಳು, ವಿಶ್ವಮಟ್ಟದ ನಿಖರತೆ," ಎಂದು ಶುರು ಮಾಡಿದೆ. "ಈಗ ನೀವು ಸಂಪೂರ್ಣ ಆರೋಗ್ಯವಂತ ಶ್ವಾಸಕೋಶ ನೋಡಲಿದ್ದೀರಿ."

ಪೇಟದವನು ನಗುತ್ತಾ ಯಂತ್ರದೊಳಗೆ ಹೋದ. ಗೋಡೆಯ ಪರದೆಯ ಮೇಲೆ ಚಿತ್ರಗಳು ಪದರ ಪದರವಾಗಿ ಮೂಡತೊಡಗಿದವು. ಭುಜ ಚೆನ್ನಾಗಿತ್ತು. ಶ್ವಾಸಕೋಶದ ಮೇಲ್ಭಾಗ ಚೆನ್ನಾಗಿತ್ತು. ಆಮೇಲೆ ಒಂದು ಬಿಳಿ ಚುಕ್ಕೆ. ಇನ್ನೊಂದು. ಆಚೆ ಕಡೆ ಮೂರು. ಕೆಳಗೆ ಬಂದಂತೆ ಗುಂಪು ಗುಂಪು!

ಡಾಕ್ಟರ್ ನಂಜುಂಡಯ್ಯ ಕನ್ನಡಕ ಹಾಕಿಕೊಂಡು ಎದ್ದು ಪರದೆಯ ಹತ್ತಿರ ಬಂದರು.

"ರೋಗಿಯ ವಯಸ್ಸೆಷ್ಟು?"

"ಮೂರು ವಾರ ಸಾರ್," ಎಂದೆ.

"ಎರಡೂ ಕಡೆ ಗಂಟುಗಳಿವೆ. ಅಂಚು ಒರಟು. ನಿಜವಾದ ರೋಗಿ ಆಗಿದ್ದರೆ ಮನೆಯವರನ್ನ ಹೊರಗೆ ಕರೆದು ಮಾತಾಡಬೇಕಿತ್ತು."

ಎಲ್ಲರೂ ಹಿಂದಿನ ಸಾಲಿನತ್ತ ತಿರುಗಿದರು. ನಮ್ಮವರು ಎದ್ದು ನಿಂತರು. "ಸಾರ್, ನಾನ್ ನೆನ್ನೇನೇ..."

"ಉದ್ದೇಶಪೂರ್ವಕ!" ಎಂದು ಕೂಗಿದೆ.

ಆ ಪದ ಎಲ್ಲಿಂದ ಬಂತೋ ತಿಳಿಯದು. ಬಂದ ಮೇಲೆ ಅದರ ಹಿಂದೆ ಒಂದು ಮೆರವಣಿಗೆಯೇ ಬಂತು. ಇದು ಸಾಮಾನ್ಯ ಫ್ಯಾಂಟಮ್ ಅಲ್ಲ, ನೋಡುವವರ ಕಣ್ಣನ್ನೇ ಪರೀಕ್ಷಿಸುವ ಫ್ಯಾಂಟಮ್, ಆರೋಗ್ಯವಂತ ಎಂದು ಮೊದಲೇ ಹೇಳಿದ್ದು ನಿಮ್ಮನ್ನು ದಾರಿ ತಪ್ಪಿಸಲು, ಆದರೂ ಡಾಕ್ಟರು ತಪ್ಪಲಿಲ್ಲ ಎಂದೆಲ್ಲ ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ಪಲ್ಲವಿ ಬಾಯಿ ತೆರೆದು ನಿಂತಿದ್ದಳು. ನಮ್ಮವರು ಕುಳಿತರು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಯಶೋಗಾಥೆ.

"ಅದ್ಭುತ!" ಎಂದರು ಡಾಕ್ಟರ್. "ಹಾಗಾದರೆ ಎಲ್ಲರೂ ಎಣಿಸೋಣ. ಕೊನೆಗೆ ನೀವು ಎಷ್ಟು ಹಾಕಿದ್ದೀರಿ ಅಂತ ಹೇಳಿ, ತಾಳೆ ನೋಡೋಣ."

ಎಲ್ಲರೂ ಎಣಿಸಿದರು. ಡಾಕ್ಟರಿಗೆ ಹದಿನೇಳು. ಮೈಸೂರಿನವರಿಗೆ ಹತ್ತೊಂಬತ್ತು. ಪಲ್ಲವಿಗೆ ಹದಿನಾರು ಮತ್ತು ಒಂದು ಅನುಮಾನ. ಜಗಳವೇ ಶುರುವಾಯಿತು. ಎರಡು ಒಂದಕ್ಕೊಂದು ಅಂಟಿವೆ ಎಂದು ಒಬ್ಬರು, ಅದು ಒಂದೇ ಎಂದು ಇನ್ನೊಬ್ಬರು.

"ನಿಜವಾದ ಸಂಖ್ಯೆ, ಮೇಡಂ?"

"ಟೀ ಆದ ಮೇಲೆ!" ಎಂದು ನಾನು ಕಾರಿಡಾರಿಗೆ ಓಡಿ ಇನಾಯತ್ ಸಾಬರಿಗೆ ಫೋನು ಮಾಡಿದೆ.

"ಸಾಬ್ರೇ, ಎದೆಯೊಳಗೆ ಏನು ಹಾಕಿದ್ದೀರಿ?"

"ಹುಣ್ಸೆ ಬೀಜ ಮೇಡಮ್ಮೋರೆ! ತೊಳ್ದು, ಒಣಗ್ಸಿ ಹಾಕಿವ್ನಿ. ಬ್ಯಾರೆಯೋರು ಕಲ್ಲು ಹಾಕ್ತಾರೆ. ನಿಮ್ದು ಆಸ್ಪತ್ರೆದು ಅಂತ ನಾನು ಬೀಜಾನೇ ಹಾಕ್ದೆ."

"ನಾನು ಹೊಟ್ಟು ಮಾತ್ರ ಹೇಳಿದ್ದೆನಲ್ಲ!"

"ಬರೀ ಹೊಟ್ಟು ತುಂಬುದ್ರೆ ಸದ್ದು ಬತ್ತದಾ? ಟೊಳ್ಳು ಬುಟ್ಟ್ ಮ್ಯಾಲೆ ಸದ್ದು ಬರ್ಬೇಕು. ಸದ್ದು ಬರ್ದಿರೋ ಟೊಳ್ಳು ಅಂದ್ರೆ ಕೆಲ್ಸ ಅರ್ಧ ಬುಟ್ಟಂಗೆ. ಗಿರಾಕಿ ವಾಪಸ್ ತತ್ತಾನೆ. ನೀವು ಮರ್ತಿದ್ರಿ ಅಂತ ನಾನೇ ಸರಿ ಮಾಡ್ದೆ."

ನಾಲ್ಕು ದಶಕ ಮಕ್ಕಳಿಗೆ ಗಿಲಕಿ ಮಾಡಿದ ಕೈ ಅದು. ನನ್ನ ನಕ್ಷೆಯಲ್ಲಿ ಒಂದು ದೋಷ ಕಂಡಿತು, ತಿದ್ದಿತು. ನಾನು ಬೇರೆಯವರ ಲೆಕ್ಕದಲ್ಲಿ ದಿನಾ ಮಾಡುವ ಕೆಲಸವೇ ಅಲ್ಲವೇ?

"ಎಷ್ಟು ಹಾಕಿದ್ದೀರಿ? ಸರಿಯಾಗಿ ಹೇಳಿ."

"ಯಾರ್ ಎಣಿಸ್ತಾರೆ ಮೇಡಮ್ಮೋರೆ? ಒಂದ್ ಹಿಡಿ."

"ಎರಡೂ ಕಡೆಗೆ ಸೇರಿ ಒಂದು ಹಿಡಿಯಾ?"

"ಒಂದ್ ಕಡೆ ನಂದು ಅರೆ ಹಿಡಿ. ಇನ್ನೊಂದ್ ಕಡೆ ನಮ್ ಮನೆಯೋಳ್ದು. ಅವಳ್ ಕೈ ಒಸಿ ಸಣ್ದು." ಆಮೇಲೆ ಅವರೇ ಕೇಳಿದರು. "ಯಾಕೆ, ಸದ್ದು ಸಾಲ್ದಾ?"

ಟೀ ಮುಗಿದಿತ್ತು. ಡಾಕ್ಟರ್ ನಂಜುಂಡಯ್ಯ ನಮೂನೆ ತೆರೆದು ಪೆನ್ನು ಹಿಡಿದಿದ್ದರು. "ನಿಜವಾದ ಸಂಖ್ಯೆ" ಎಂದು ಅವರೇ ಬರೆದು ಬಿಟ್ಟಿದ್ದ ಜಾಗ ಅದರಲ್ಲಿ ಖಾಲಿ ಇತ್ತು. ಯಾವುದೋ ಒಂದು ಸಂಖ್ಯೆ ಹೇಳಿದ್ದರೆ ಸಾಕಿತ್ತು. ಯಾರೂ ಅಲ್ಲಗಳೆಯುವಂತಿರಲಿಲ್ಲ. ಬೀಜಗಳು ಅರಗಿನ ಮುದ್ರೆಯೊಳಗೆ ಭದ್ರವಾಗಿದ್ದವು.

ನನ್ನ ನೆನಪಿನ ಪ್ರಕಾರ ಮುಂದೆ ನಡೆದದ್ದು ಹೀಗೆ. ನಾನು ಆ ಖಾಲಿ ಜಾಗವನ್ನು ನೋಡಿದೆ. ಇಂಥದೇ ಜಾಗಗಳಲ್ಲಿ ದಿನಾ ನಾನು ಸಂಖ್ಯೆ ಬರೆಯುತ್ತೇನೆ, ಆ ಸಂಖ್ಯೆಯನ್ನು ನಂಬಿ ಯಾರೋ ಯಂತ್ರದ ಕೆಳಗೆ ಮಲಗುತ್ತಾರೆ. ನೆಟ್ಟಗೆ ನಿಂತು ಹೇಳಿದೆ. "ಗೊತ್ತಿಲ್ಲ ಸಾರ್. ಉದ್ದೇಶಪೂರ್ವಕ ಅಂದದ್ದು ಸುಳ್ಳು. ಅವು ಹುಣಸೆ ಬೀಜ. ನಾನು ಪರೀಕ್ಷಿಸದೆ ತಂದೆ." ಮತ್ತು ಎಲ್ಲವನ್ನೂ, ಕಾರಿನ ಸದ್ದನ್ನೂ ಸೇರಿಸಿ, ಹೇಳಿದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಂಡ್ಯದವರೊಬ್ಬರು ಕಣ್ಣು ಒರೆಸಿಕೊಂಡರು. ಡಾಕ್ಟರ್ ಮಾತ್ರ ನಗಲಿಲ್ಲ. ಸಂಖ್ಯೆಯ ಜಾಗದಲ್ಲಿ "ಗೊತ್ತಿಲ್ಲ" ಎಂದು ಬರೆದು ಫೈಲು ಮುಚ್ಚಿದರು.

"ಸಮಿತಿಗೆ ಕಳಿಸ್ತೀನಿ. ನೋಡೋಣ."

ತಿಂಗಳು ಮುಗಿಯಲು ಮೂರು ದಿನವಿತ್ತು. ಪಲ್ಲವಿ ಬೆಂಗಳೂರಿನ ಆಸ್ಪತ್ರೆಗಳಿಗೆ ಫೋನು ಮಾಡಿ, ನಮ್ಮ ರೋಗಿಗಳನ್ನು ತೆಗೆದುಕೊಳ್ಳುತ್ತೀರಾ ಎಂದು ಕೇಳಿ ಪಟ್ಟಿ ಮಾಡಿದಳು. ಆ ಪಟ್ಟಿ ಮೇಜಿನ ಮೇಲಿದ್ದಷ್ಟು ದಿನ ನನಗೆ ಊಟ ಸೇರಲಿಲ್ಲ. ಕೊನೆಯ ದಿನ ಮಧ್ಯಾಹ್ನ ಪತ್ರ ಬಂತು. ಹೊಸ ಉಪಕರಣಕ್ಕೆ ಅಂಕ ಸೊನ್ನೆ. "ತಪ್ಪಿನಿಂದ ಕಲಿಕೆ, ಸ್ವಯಂ ವರದಿ" ಎಂಬ ವಿಭಾಗದಲ್ಲಿ ಅಂಕ ಮೂರು!

ನವೀಕರಣವಾಯಿತು. ಪಟ್ಟಿ ಹರಿದೆ. ಈಗ ನಾನು ಸಂಘದಲ್ಲಿ ಬೇಡಿಕೆಯ ಉಪನ್ಯಾಸಕಿ. ಪ್ರತಿ ಕಾರ್ಯಾಗಾರಕ್ಕೂ ಕರೆಯುತ್ತಾರೆ. ವಿಷಯ ಯಾವಾಗಲೂ ಒಂದೇ, ಪರೀಕ್ಷಿಸದಿದ್ದರೆ ಏನಾಗುತ್ತದೆ. ಇಷ್ಟು ವರ್ಷ ಪರೀಕ್ಷಿಸಿ ಮಾಡಿದ ಕೆಲಸದ ಬಗ್ಗೆ ಮಾತಾಡಲು ಇದುವರೆಗೆ ಒಬ್ಬರೂ ಕರೆದಿಲ್ಲ.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಮೊನ್ನೆ ಊಟ ಮಾಡುತ್ತಾ ನಮ್ಮವರು ಅಂದರು.

"ಅಲ್ಕಣಮ್ಮಿ, ಭಾಷಣದಲ್ಲಿ ಒಂದ್ ಮಾತು ಬುಟ್ಬುಡ್ತೀಯ. ಫಸ್ಟು ನೀನು 'ಹದಿನೆಂಟು' ಅಂದೆ."

"ಏನಂದೆ?"

"ಡಾಕ್ಟರು ಕೇಳ್ತಿದ್ದಂಗೇ 'ಹದಿನೆಂಟು' ಅಂದೆ. 'ಗರಗಸ ತರ್ಸಿ, ಕುಯ್ದು ನೋಡೋಣ್ವಾ' ಅಂದ್ರು ಅವ್ರು. ಆಮ್ಯಾಕೆ ನೀನು ಗೊತ್ತಿಲ್ಲ ಅಂದೆ."

"ಸುಳ್ಳು!"

"ಈ ಕಿವೀಲಿ ಕೇಳಿಸ್ಕೊಂಡಿವ್ನಿ."

ಆ ಕಿವಿಯ ದಾಖಲೆ ಏನೆಂದು ನನಗೆ ಗೊತ್ತು. ಪಲ್ಲವಿಯನ್ನು ಕೇಳಿದೆ, ಅವಳು ಆಗ ಟೀ ಲೋಟ ಎಣಿಸಲು ಹೊರಗೆ ಹೋಗಿದ್ದಳಂತೆ. ಕಾರ್ಯಾಗಾರದಲ್ಲಿ ತೆಗೆದ ವಿಡಿಯೋ ಟೀವರೆಗೆ ಮಾತ್ರ ಇದೆ. ಕೊನೆಗೆ ಡಾಕ್ಟರ್ ನಂಜುಂಡಯ್ಯನವರಿಗೇ ಫೋನು ಮಾಡಿ ಕೇಳಿದೆ.

"ನೀವು ಸಹಿ ಹಾಕೋ ಕಾಗದ ಎಲ್ಲ ಸರಿಯಾಗಿವೆ ತಾನೆ?" ಎಂದರು.

"ಹೌದು ಸಾರ್. ಎರಡೆರಡು ಸಲ ನೋಡ್ತೀನಿ."

"ಹಾಗಾದರೆ ಸಾಕು ಬಿಡಮ್ಮ. ನನಗೂ ವಯಸ್ಸಾಯ್ತು, ಏನೂ ನೆನಪಿರಲ್ಲ."

ಆ ಮೂರು ಅಂಕ ನಿಜ ಹೇಳಿದ್ದಕ್ಕೋ, ಗರಗಸಕ್ಕೆ ಹೆದರಿದ್ದಕ್ಕೋ? ಅಂದು ನಾನು ಹದಿನೆಂಟು ಎಂದೆನೋ ಇಲ್ಲವೋ, ನನಗೆ ಗೊತ್ತಿಲ್ಲ.